ಬಾಳೂನ ಬಾಜೂಕಿನ ಮೊಳಿ

ಮುಂಬೈ
೧೪ ಮಾರ್ಚ್ ೧೯೭೬

ಅಕ್ಕಾ,

ಮುಂಬೈ ಮುಟ್ಟೇನಿ. ನಾಳೆ ಮಧ್ಯಾಹ್ನ ವಿಮಾನ. ನಾವು ಒಟ್ಟ ಹನ್ನೆರಡ ಮಂದಿ ನರ್ಸಬಾಯಿಗೋಳು. ಹತ್ತ ಮಂದಿ ಕೇರಳದವರು, ಒಬ್ಬಾಕಿ ಪುಣೆದಾಕಿ, ನಾ ಒಬ್ಬಾಕಿ ಬೈಲಹೊಂಗಲದಾಕಿ. ಏಜೆಂಟ ನಮ್ಮನ್ನೆಲ್ಲಾ ಒಂದ ಖೋಲ್ಯಾಗ ಕುಂದರಿಸಿ ಇರಾಣದಾಗ ಹೆಂಗ ಇರಬೇಕು, ಹೆಂಗ ಮಾತಾಡಬೇಕು ಅಂತ ತಾಸಗಟ್ಲೆ ಹೇಳಿದ. ನನ್ನ ಕಿವಿಗೆ ಒಂದ ಮಾತೂ ಬೀಳಲಿಲ್ಲ.

ರಾಯಿ ಎದ್ದ ಕೂಡ್ಲೆ ಏನಂದ್ಲು? ಮಲಗಿದ ಕೂಸಿಗೆ ಹೇಳದ ಕೇಳದ ಬಿಟ್ಟ ಬಂದೆ. ‘ಎದ್ರ ಸೆರಗ ಬಿಡೂದಿಲ್ಲ, ಬಸ್ ತಪ್ಪತೈತಿ’ ಅಂದಿ ನೀ. ನಾನೂ ಹೂಂ ಅಂದೆ. ಎಂ.ಕೆ. ಹುಬ್ಬಳ್ಳಿ ದಾಟೂತನಾ ಇಳದ ಹೊಳ್ಳಿ ಹೋಗ್ಲೇನು ಅನಸ್ತಿತ್ತು. ಬಸ್ ಹೊಡ್ಯಾಕ ನಿಮ್ಮನಿಯವರ ಇದ್ರು, ನಮ್ಮ ಮಾವಾರು. ಅವರ ಮಾರಿ ಕನ್ನಡ್ಯಾಗ ನೋಡಿ ಸುಮ್ಮನ ಕುಂತೆ.

ರಾಯಿ ಅಪ್ಪ ಬಾಳು ಕಾಮಾಲ್ಯಾಗ ಹೋಗಿ ವರ್ಷ ಆತು. ದವಾಖಾನ್ಯಾಗ ನನ್ನ ನೌಕರಿ ಇವತ್ತ ಐತಿ, ನಾಳೆ ಇಲ್ಲ. ರಾಯಿಗೆ ಒಂದ ಸ್ವಂತ ಮನಿ, ಒಂದ ಛಲೋ ಸಾಲಿ ಆಗ್ಲಿ ಅಂತ ಹೊಂಟೇನಿ. ಎರಡ ವರ್ಷದ ಕರಾರು, ಅಷ್ಟ. ದಿನಾ ಒಮ್ಮೆ ಅಕಿಗೆ ‘ನಿಮ್ಮವ್ವ ಬರ್ತಾಳ’ ಅಂತ ಹೇಳು. ಇದೊಂದ ಮರೀಬ್ಯಾಡ.

ನಿನ್ನ ತಂಗಿ
ಪದ್ಮಾ

ಬೈಲಹೊಂಗಲ
೨ ಮೇ ೧೯೭೬

ಪದ್ಮಾ,

‘ನಾವೆಲ್ಲಾ ಆರಾಮ ಅದೇವಿ ಅಂತ ಮೊದಲ ಬರಿ’ ಅಂತ ನಿಮ್ಮ ಮಾವಾರು ಬೆನ್ನ ಹಿಂದ ನಿಂತ ಹೇಳಾಕ ಹತ್ಯಾರ. ನಾ ಬರಿಯೂದಿಲ್ಲ. ನಿನ್ನ ಮಗಳು ಒಂಬತ್ತ ದಿನಾ ಅತ್ಲು. ಬಾಗಲ ಕಡೆ ಮಾರಿ ಮಾಡಿ ಕುಂತು, ಓಣ್ಯಾಗ ಬಿಳಿ ಸೀರಿ ಕಂಡ್ರ ಸಾಕು, ಅವ್ವಾ ಅಂತ ಓಡತಿತ್ತು. ಒಮ್ಮೆ ಸಾಲಿ ಕಲಿಸೂ ಬಾಯಿ ಕೃಷ್ಣವ್ವನ ಸೆರಗ ಹಿಡಕೊಂಡ ಬಿಡವಲ್ದು. ಪಾಪ, ಅಕಿನೂ ಅತ್ಲು. ಹತ್ತನೇ ದಿನಾ ಕೂಸು ಸುಮ್ಮನಾತು. ಅತ್ತಿದ್ದಕ್ಕಿಂತ ಸುಮ್ಮನಾಗಿದ್ದಕ್ಕ ನಾ ಹೆಚ್ಚ ಅಂಜಿದೆ.

ಈಗ ದಿನಾ ನನ್ನ ಹೊಲಿಗಿ ಮಶೀನಿನ ಕೆಳಗ ಕುಂತು ಚಿಂದಿ ಆರಿಸ್ತಾಳ. ನಾ ತುಳಿಯಾಕ ಹತ್ತಿದ್ರ ಆ ಸಪ್ಪಳಕ್ಕ ಅಲ್ಲೇ ನಿದ್ದಿ ಹೋಗ್ತಾಳ. ಹದಿನಾಕ ವರ್ಷ ಬಂಜಿ ಅನ್ನಿಸಿಕೊಂಡೆ ಪದ್ಮಾ, ಮಂದಿ ಕುಬಸಾ ಹೊಲಸಾಕ ಬಂದೂ ಅದನ್ನ ಅಂದ ಹೋಗ್ತಿದ್ರು. ಈಗ ನನ್ನ ಕಾಲಾಗೊಂದು ಕೂಸು ಮಲಗತೈತಿ. ಹೊಟ್ಟಿಕಿಚ್ಚ ಪಡಬ್ಯಾಡ ಮತ್ತ.

ಒಂದ ಕೆಲಸ ಮಾಡು. ಛಲೋದೊಂದ ಫೋಟೋ ತಗಸಿ ಕಳಸು. ಮೊನ್ನೆ ‘ನಿಮ್ಮವ್ವ ಹೆಂಗ ಅದಾಳ?’ ಅಂತ ಕೇಳಿದೆ. ‘ಬೆಳ್ಳಗ’ ಅಂದ್ಲು. ನೀ ಎಲ್ಲಿ ಬೆಳ್ಳಗ ಅದಿ! ಸೀರಿ ನೆನಪೈತಿ ಅಕಿಗೆ, ಮಾರಿ ಮರತಾಳ.

ಸಾವಂತ್ರೆವ್ವ

ಹಮದಾನ, ಇರಾಣ
೨೦ ಸಪ್ಟೆಂಬರ್ ೧೯೭೬

ಅಕ್ಕಾ,

‘ಮಾರಿ ಮರತಾಳ’ ಅಂತ ಎಷ್ಟ ಸರಳ ಬರದಿ! ಅದನ್ನ ಓದಿದ ದಿನಾ ನಾ ಡ್ಯೂಟಿ ಮ್ಯಾಲ ಒಬ್ಬ ಮುದಕನಿಗೆ ಎರಡ ಸಲ ಅದ ಗುಳಿಗಿ ಕೊಡಾಕ ಹೋಗಿದ್ದೆ. ಜೋಡಿ ಸಿಸ್ಟರ್ ಕೈ ಹಿಡದ್ಲು. ಮರುದಿನಾನ ಸ್ಟುಡಿಯೋಕ್ಕ ಹೋದೆ. ಊರಿಗೆ ಹೊಂಟ ಒಬ್ಬ ಡಾಕ್ಟರರ ಕೈಯಾಗ ಈ ಕಾಗದ, ಫೋಟೋ ಎರಡೂ ಕೊಟ್ಟೇನಿ. ದೊಡ್ಡದು ಮಾಡಿಸೇನಿ, ಬಣ್ಣದ್ದು. ಅಕಿಗೆ ದಿನಾ ಕಾಣೂ ಜಾಗಾದಾಗ ಹಾಕು.

ಇಲ್ಲಿ ಮಾತು ಅರ್ಧಕ್ಕರ್ಧ ನಮ್ಮ ಪ್ಯಾಟಿ ಮಾತಿನಂಗ ಐತಿ. ಜಮೀನು ಅಂತಾರ, ದರವಾಜಾ ಅಂತಾರ, ಬಾಜಾರ ಅಂತಾರ. ಕೇಳಿ ಮನಿಗೆ ಬಂದಂಗ ಆಗತೈತಿ, ಮುಂದಿನ ಮಾತು ತಿಳಿಯೂದಿಲ್ಲ. ಚಾದಾಗ ಸಕ್ಕರಿ ಹಾಕೂದಿಲ್ಲ, ಸಕ್ಕರಿ ತುಂಡು ಹಲ್ಲಾಗ ಹಿಡದು ಮ್ಯಾಲ ಚಾ ಕುಡೀತಾರ. ನಿನ್ನ ಓಣಿ ಯಾವುದು, ನೀರು ಎಲ್ಲಿ ತುಂಬತೀರಿ ಅಂತ ಒಬ್ಬರೂ ಕೇಳಿಲ್ಲ ಅಕ್ಕಾ. ಎಲ್ಲಾರಿಗೂ ನಾ ಇಂಡಿಯಾದಾಕಿ, ಅಷ್ಟ. ಮೊದಮೊದಲ ಇದು ಭಾಳ ಹಗರ ಅನಸ್ತು. ಈಗ ಯಾರೂ ಏನೂ ಕೇಳದ್ದಕ್ಕ ಅಳು ಬರತೈತಿ. ನನ್ನ ಮನಸ್ಸು ಒಂದ ಕಡೆ ನಿಂದರವಲ್ದು.

ಪದ್ಮಾ

ಬೈಲಹೊಂಗಲ
೧೨ ಡಿಸೆಂಬರ್ ೧೯೭೬

ಪದ್ಮಾ,

ಫೋಟೋ ಬಂತು! ಅಬಬಬ, ಏನ ಕಾಣ್ತೀ! ಬಿಳಿ ಟೊಪ್ಪಿಗಿ ಏನ, ಕೆಂಪ ತುಟಿ ಏನ. ತುಟಿಗೆ ಆ ಬಣ್ಣಾ ನೀ ಹಚ್ಚಿದ್ದೋ, ಸ್ಟುಡಿಯೋದಾಂವ ಹಚ್ಚಿದ್ದೋ? ನಿಮ್ಮ ಮಾವಾರು ಸವದತ್ತಿಗೆ ಬಸ್ ಒಯ್ದಾಗ ಅಲ್ಲೇ ಕನ್ನಡಿ ಹಾಕಿಸಿ ತಂದ್ರು. ಬಾಳೂನ ಫೋಟೋದ ಬಾಜೂಕ ಒಂದ ಮೊಳಿ ಬಡದು ಹಾಕೇವಿ. ಗಂಡಾ ಹೇಣ್ತಿ ಜೋಡಿ ಇರ್ಲಿ ಅಂತ.

ಆರನೇ ತಾರೀಖ ಬಾಬಾಸಾಹೇಬರ ದಿನಾ ಇತ್ತಲ್ಲ, ಫೋಟೋಗೋಳಿಗೆ ಚೆಂಡಹೂವಿನ ಹಾರ ಮಾಡಿದೆ. ಬಾಬಾಸಾಹೇಬರಿಗೆ ಹಾಕಿದೆ, ಬುದ್ಧಗ ಹಾಕಿದೆ, ಬಾಳೂಗ ಹಾಕಿದೆ. ಒಂದ ಹಾರ ಉಳೀತು. ನಿನಗೂ ಹಾಕಿದೆ. ಗ್ವಾಡಿ ತುಂಬ ಬೆಳಕ ಬಂದಂಗ ಆತು. ಅಂದಿನಿಂದ ಬಾಡಿದ್ರ ತಗದು ಹೊಸಾದು ಹಾಕ್ತೇನಿ.

ಇನ್ನೊಂದ ಸುದ್ದಿ ಕೇಳಿ ನಗಬ್ಯಾಡ. ಹತ್ತಿ ದಲಾಲಿ ಮಡಿವಾಳೆಪ್ಪನವರ ಹೇಣ್ತಿ ಗುರುಬಸವ್ವ ನಮ್ಮ ಮನಿಗೆ ಬಂದಿದ್ಲು. ಕುಬಸದ ಅರಿವಿ ಮ್ಯಾಲಿಂದ ನನ್ನ ಉಡ್ಯಾಗ ಒಗೀತಿದ್ಲು ನೋಡು, ಅಕಿನ! ಹೊರಸಿನ ಮ್ಯಾಲ ಕುಂತು, ನನ್ನ ಕೈಲೆ ಚಾ ಇಸಗೊಂಡು, ಬಶ್ಯಾಗ ಹಾಕೊಂಡ ಕುಡದ್ಲು. ಅಕಿ ಮಗ ದುಂಡಪ್ಪಗ ಇರಾಣದಾಗ ಕೆಲಸ ಕೊಡಸಬೇಕಂತ. ಒಂದ ವಿಮಾನ ಹತ್ತಿ ಎಷ್ಟ ಮಡಿ ಮುರದಿ ನೋಡು. ಹೋಗೂ ಮುಂದ ಗ್ವಾಡಿ ನೋಡಿ, ‘ಅಯ್ಯ, ಇದ್ದಾಕಿ ಫೋಟೋಕ್ಕ ಹಾರ ಹಾಕ್ತಾರೇನ?’ ಅಂದ್ಲು. ‘ನಮ್ಮ ಮಂದ್ಯಾಗ ದೊಡ್ಡವರಿಗೆಲ್ಲಾ ಹಾಕ್ತೇವ್ರಿ’ ಅಂದೆ. ಬಾಯಿ ಮುಚಗೊಂಡ ಹೋದ್ಲು.

ಸಾವಂತ್ರೆವ್ವ

ಹಮದಾನ
೫ ಮಾರ್ಚ್ ೧೯೭೭

ಅಕ್ಕಾ,

ಗುರುಬಸವ್ವನ ಸುದ್ದಿ ಓದಿ ಖೋಲ್ಯಾಗ ಒಬ್ಬಾಕಿನ ಬಿದ್ದ ಬಿದ್ದ ನಕ್ಕೆ. ಜೋಡಿ ಸಿಸ್ಟರ್ ಹುಚ್ಚ ಹಿಡೀತೇನಂತ ಓಡಿ ಬಂದ್ಲು. ಹಾರದ ಸುದ್ದಿಗೆ ಮಾತ್ರ ನಗಿ ಬರಲಿಲ್ಲ. ನನಗ ಹಾರ ಬ್ಯಾಡ, ನಾ ಏನ ದೊಡ್ಡಾಕಿ! ರಾಯಿ ಫೋಟೋ ನೋಡಿ ಏನಂದ್ಲು, ಅದನ್ನ ಬರದಿಲ್ಲಲ್ಲ?

ಇಲ್ಲಿ ಮೂರ ತಿಂಗಳಾತು ಬರ್ಫ ಬೀಳಾಕ ಹತ್ತಿ. ಜೀನ ಮಿಲ್ಲಿನ್ಯಾಗ ಹತ್ತಿ ಹಾರಿ ನಮ್ಮ ಓಣ್ಯಾಗೆಲ್ಲಾ ಬೀಳ್ತಿತ್ತಲ್ಲ, ಹಂಗ. ಕೈಯಾಗ ಹಿಡದ್ರ ನೀರಾಗತೈತಿ. ರಾಯಿಗೆ ಹೇಳು, ನಿಮ್ಮವ್ವ ಇರೂ ಊರಾಗ ಮುಗಲಿನಿಂದ ಹತ್ತಿ ಬೀಳತೈತಿ ಅಂತ.

ಬಾಜಾರದಾಗ ಅಕಿಗೊಂದ ಉಣ್ಣಿ ಅಂಗಿ ನೋಡಿದೆ. ಅಂಗಡ್ಯಾಂವ ಎಷ್ಟ ಎತ್ತರ ಅಂತ ಕೇಳಿದ. ಕೈ ಎತ್ತಿ ತೋರಸಾಕ ಹೋದೆ. ಎಲ್ಲಿಗೆ ನಿಲ್ಲಸಬೇಕು ಅನ್ನೂದ ಗೊತ್ತಾಗಲಿಲ್ಲ. ಹಂಗ ಹೊರಗ ಬಂದೆ. ಅಳತಿ ಕಳಸು ಅಕ್ಕಾ.

ಪದ್ಮಾ

ಬೈಲಹೊಂಗಲ
೩೦ ಆಗಸ್ಟ್ ೧೯೭೭

ಪದ್ಮಾ,

ಇದರಾಗ ಒಂದ ಕೆಂಪ ನೂಲು ಇಟ್ಟೇನಿ. ರಾಯೀನ್ನ ಗ್ವಾಡಿಗೆ ನಿಂದರಿಸಿ ನೆತ್ತಿಯಿಂದ ಹಿಂಬಡತನಾ ಹಿಡದು ಕತ್ತರಿಸಿದ್ದು. ಅಂಗಿ ಮಾತ್ರ ಎರಡ ಬೊಟ್ಟ ದೊಡ್ಡದ ತಗೋ, ಕಾಗದ ಮುಟ್ಟೂದರಾಗ ಬೆಳದಿರ್ತಾಳ.

ಅಕಿಗೆ ಹಲ್ಲ ನೋವಾಗಿತ್ತು, ಲವಂಗ ಇಟ್ಟೆ, ಈಗ ಇಲ್ಲ. ಬಾಯಾಗ ಮಾತ ಬಿಡೂದಿಲ್ಲ. ನಿಮ್ಮ ಮಾವಾರ ಖಾಕಿ ಟೊಪ್ಪಿಗಿ ಹಾಕೊಂಡು ‘ಕಿತ್ತೂರ, ಕಿತ್ತೂರ’ ಅಂತ ಒದರಕೋಂತ ಮನಿ ತುಂಬ ಬಸ್ ಹೊಡೀತಾಳ. ಮಳಿ ಛಲೋ ಆಗೇತಿ. ಸಂಪಗಾಂವದಾಗ ಜೋಳ ಎದಿಮಟಾ ಬಂದೈತಂತ. ಮತ್ತೇನ ವಿಶೇಷ ಇಲ್ಲ.

ಸಾವಂತ್ರೆವ್ವ

ಹಮದಾನ
೩ ಡಿಸೆಂಬರ್ ೧೯೭೭

ಅಕ್ಕಾ,

ನೂಲು ಮುಟ್ಟೇತಿ. ನನ್ನ ಮೈಗೆ ಹಿಡದು ನೋಡಿದೆ. ಸೊಂಟದ ಮಟಾ ಬಂದಾಳ! ಬಿಟ್ಟ ಬಂದಾಗ ಎದ್ದ ನಿಂತ್ರ ನನ್ನ ಮೊಳಕಾಲಿಗೆ ತೆಕ್ಕಿ ಬೀಳ್ತಿದ್ಲು.

ಮಾರ್ಚಕ್ಕ ಕರಾರ ಮುಗೀತೈತಿ. ಇನ್ನೊಂದ ವರ್ಷ ಇರ್ರಿ ಅಂತ ಇಲ್ಲಿಯವರು ಕೇಳ್ಯಾರ. ನನಗ ಸಾಕಾಗೇತಿ. ಇದ್ರ ರಾಯಿ ಸಲುವಾಗಿ ಹಿಡದ ಮನಿ ಜಾಗಾದ ರೊಕ್ಕಾ ತೀರಿ ಅದು ಪೂರಾ ನಮ್ಮದಾಗತೈತಿ, ಅದೂ ಖರೇ. ದಿನಾ ಮುಂಜಾನೆ ಇರ್ತೇನಿ ಅಂತೇನಿ, ಸಂಜೀಕ ಹೋಗ್ತೇನಿ ಅಂತೇನಿ. ನೀ ಬಾ ಅಂದ್ರ ಬಂದ ಬಿಡ್ತೇನಿ ಅಕ್ಕಾ. ನೀ ಹೇಳಿದ್ದ ನನಗ ಕಡೀ ಮಾತು.

ಪದ್ಮಾ

ಬೈಲಹೊಂಗಲ
೧೫ ಜನವರಿ ೧೯೭೮

ಪದ್ಮಾ,

ಇನ್ನೊಂದ ವರ್ಷ ಇರು. ಇಷ್ಟ ದೂರ ಹೋಗಿ ಅರ್ಧಾ ಮಾಡಿ ಬರಬ್ಯಾಡ. ಇಲ್ಲೇನ ಚಿಂತಿ ಇಲ್ಲ, ಕೂಸು ಆರಾಮ ಐತಿ. ಜೂನದಾಗ ಸಾಲಿಗೆ ಹಾಕ್ತೇನಿ.

ಸಾವಂತ್ರೆವ್ವ

ಹಮದಾನ
೯ ಜುಲೈ ೧೯೭೮

ಅಕ್ಕಾ,

ಇನ್ನೊಂದ ವರ್ಷಕ್ಕ ಸಹಿ ಮಾಡೇನಿ. ನಿನ್ನ ಕಾಗದ ನಾಕ ಸಾಲಿಂದು. ನೀ ನಾಕ ಸಾಲ ಬರಿಯೂ ಪೈಕಿ ಅಲ್ಲ. ನೀಲಿ ಕಾಗದದ ಅಂಚಿಗೂ ಬರದು, ಮಡಚೂ ಜಾಗಾಕ್ಕೂ ಬರಿಯಾಕಿ. ಸಿಟ್ಟ ಆಗೀಯೇನು?

ಒಂದ ಮಾತ ಭಾಳ ದಿನದಿಂದ ಕೇಳಬೇಕಂತೇನಿ. ಅಕಿ ಏನ ತಿಂದ್ಲು, ಎಷ್ಟ ಬೆಳದ್ಲು ಎಲ್ಲಾ ಬರೀತಿ. ಅಕಿ ನನ್ನನ್ನ ಏನರೆ ಕೇಳಿದ್ಲು ಅಂತ ಒಮ್ಮೆನೂ ಬರದಿಲ್ಲ. ಕೇಳೂದ ಇಲ್ಲೇನು? ಈಗ ಸಾಲಿಗೆ ಹೊಂಟಾಳಲ್ಲ, ಅಕಿ ಕೈಲೆ ಒಂದ ಅಕ್ಷರ ಬರಸಿ ಕಳಸು. ‘ಅವ್ವ’ ಅಂತ ಬರದ್ರ ಸಾಕು. ಕಲಿಸೂ ಮೊದಲನೇ ಪಾಠದಾಗನ ಇರತೈತಿ.

ಪದ್ಮಾ

ಹಮದಾನ
೨ ನವೆಂಬರ್ ೧೯೭೮

ಅಕ್ಕಾ,

ನಾ ಬರದು ನಾಕ ತಿಂಗಳಾತು, ನಿನ್ನ ಕಾಗದ ಇಲ್ಲ. ಇಲ್ಲಿ ಟಪಾಲಿನವರು ಸಂಪ ಹೂಡ್ಯಾರ ಅಂತಾರ, ನೀ ಬರದಿಲ್ಲೋ, ಬರದದ್ದ ಬಂದಿಲ್ಲೋ ತಿಳಿವಲ್ದು. ರಾಜಾ ಬ್ಯಾಡ ಅಂತ ಊರಾಗ ದೊಡ್ಡ ಗದ್ದಲ. ದಿನಾ ಮೆರವಣಿಗಿ, ಹಿಂದನ ಗುಂಡು. ನಿನ್ನೆ ಕಾಲೇಜ ಹುಡಗೂರನ್ನ ಹಾಸಿಗಿ ಸಾಲದ ನೆಲದ ಮ್ಯಾಲ ಮಲಗಿಸಿದ್ವಿ. ಒಬ್ಬಾಂವ ನನ್ನ ಕೈ ಹಿಡಕೊಂಡು ಅವರವ್ವನ್ನ ಕರದ. ನಾ ಹೂಂ ಅಂದೆ. ಹಂಗ ಕರಕೋತನ ಕಣ್ಣ ಮುಚ್ಚಿದ.

ಪರದೇಶದವರಿಗೆ ಹೊರಗ ಬೀಳಬ್ಯಾಡ್ರಿ ಅಂದಾರ. ಟಿಕೀಟ ಸಿಗವಲ್ದು. ಈ ಕಾಗದ ಹೊರಗ ಹೊಂಟ ಒಬ್ಬ ಡ್ರೈವರನ ಕೈಯಾಗ ಕೊಡತೇನಿ, ಮುಟ್ಟತೈತೋ ಇಲ್ಲೋ. ನನಗ ಏನರೆ ಆದ್ರ ರಾಯಿಗೆ ಹೇಳು ಅಕ್ಕಾ, ನಿಮ್ಮವ್ವ ಹೊಳ್ಳಿ ಬರಬೇಕಂತ ಬ್ಯಾಗ ಕಟ್ಟಿಟ್ಟಿದ್ಲು ಅಂತ.

ಪದ್ಮಾ

ಬೈಲಹೊಂಗಲ
೨೦ ಜನವರಿ ೧೯೭೯

ಪದ್ಮಾ, ನನ್ನವ್ವಾ,

ನಿನ್ನ ನವಂಬರದ ಕಾಗದ ನಿನ್ನೆ ಮುಟ್ಟತು. ದಿನಾ ಪೋಸ್ಟಿಗೆ ಹೋಗ್ತೇನಿ. ಪೋಸ್ಟಮನ್ ಮಲಕಾಜಪ್ಪ ನನ್ನ ಕಂಡ್ರ ದೂರದಿಂದನ ಕೈ ಅಲ್ಲಾಡಸ್ತಾನ. ನಿಮ್ಮ ಮಾವಾರು ರೇಡಿಯೋದ ಕಿವಿ ತಿರವಿ ತಿರವಿ ಕೆಡಿಸಿ ಇಟ್ಟಾರ. ನೀ ಅದಿಯೋ ಇಲ್ಲೋ ಗೊತ್ತಿಲ್ಲ. ಆದ್ರೂ ಬರಿಯಾಕ ಹತ್ತೇನಿ. ನಿನಗ ಹೇಳದ ಇದ್ದದ್ದೊಂದು ಇವತ್ತ ಹೇಳಿ ಬಿಡ್ತೇನಿ.

ರಾಯಿ ನೀ ಸತ್ತೀ ಅಂತ ತಿಳಕೊಂಡಾಳ.

ನಾ ಹೇಳಿದ್ದಲ್ಲ. ನನ್ನಾಣಿ, ನಾ ಹೇಳಲಿಲ್ಲ. ಅಪ್ಪನ ಫೋಟೋಕ್ಕ ಹಾರ ಐತಿ, ಅಪ್ಪ ಸತ್ತಾನ. ಬಾಜೂಕ ಅವ್ವನ ಫೋಟೋ ಬಂತು, ಅದಕ್ಕೂ ಹಾರ ಬಿತ್ತು. ಕೂಸು ಇನ್ನೇನ ತಿಳಕೋಬೇಕು? ಓಣ್ಯಾಗ ಯಾರರೆ ‘ನಿಮ್ಮವ್ವ ಇರಾಣದಾಗ ಅದಾಳ’ ಅಂದ್ರ, ಇರಾಣ ಅಂದ್ರ ಸತ್ತವರು ಹೋಗೂ ಊರು ಅಂತ ಅಕಿ ಲೆಕ್ಕ. ಮುಗಲಿನಿಂದ ಹತ್ತಿ ಬೀಳತೈತಿ ಅಂತ ನೀ ಬ್ಯಾರೆ ಹೇಳಿ ಕಳಿಸಿದ್ದಿ. ನಾ ಅದನ್ನೂ ಹೇಳಿದ್ದೆ.

ನಿನಗ ಆ ನೂಲ ಕಳಿಸಿದ್ನೆಲ್ಲ, ಅದ ಶ್ರಾವಣದಾಗ ನನಗ ಗೊತ್ತಾತು. ಎರಡೂ ಫೋಟೋಕ್ಕ ಕೈ ಮುಗದು, ‘ಅವ್ವ ಅಪ್ಪ ಇಬ್ಬರೂ ಒಂದ ಕಡೆ ಅದಾರ, ಭೇಷಾತು’ ಅಂದ್ಲು. ಹುಚ್ಚಿ, ಅವ್ವ ಜೀವಂತ ಅದಾಳ ಅನಬೇಕಂತ ಬಾಯಿ ತಗದೆ. ಅಷ್ಟರಾಗ ಹೊಳ್ಳಿ ನನ್ನ ಕೊಳ್ಳಿಗೆ ಜೋತಬಿದ್ದು ನನಗ ‘ಅವ್ವಾ’ ಅಂದ್ಲು. ಅದ ಮೊದಲನೇ ಸಲ. ನಾಳೆ ಹೇಳಿದ್ರಾತು ಅಂದೆ. ಆ ನಾಳೆ ಬರಲೇ ಇಲ್ಲ. ನೀ ಬರ್ಲೇನು ಅಂತ ಕೇಳಿದಾಗ ಇನ್ನೊಂದ ವರ್ಷ ಇರು ಅಂತ ಬರದೆ. ಮನಿ ಜಾಗಾದ ಸಲುವಾಗಿ ಅಲ್ಲ. ಅಕಿ ನನ್ನ ಕೊಳ್ಳ ಬಿಡತಾಳಂತ ಬರದೆ. ಸಾಲಿಗೆ ಹಾಕಿದ ದಿನಾ ಕೃಷ್ಣವ್ವ ಬಾಯಿ ಮುಂದ ‘ನಮ್ಮವ್ವ, ಅಪ್ಪ ಸತ್ತಾರ್ರಿ, ಇಕಿನ ನಮ್ಮವ್ವ’ ಅಂತ ನನ್ನ ಸೆರಗ ಜಗ್ಗಿ ತೋರಿಸಿದ್ಲು. ಬಾಯಿ ನನ್ನ ಮಾರಿ ನೋಡಿದ್ಲು. ನಾ ನೆಲಾ ನೋಡಿದೆ. ನಿನ್ನ ಕಾಗದ ಮಶೀನಿನ ಖಾನ್ಯಾಗ ಮುಚ್ಚಿ ಇಡ್ತೇನಿ. ನಿಮ್ಮ ಮಾವಾರು ಹೇಳಬೇಕಂತ ಎಷ್ಟ ಸಲ ಜಗಳಾಡ್ಯಾರ. ಹೇಳಿದ್ರ ಬಾವಿ ಬೀಳ್ತೇನಿ ಅಂತ ಹೆದರಿಸಿ ಬಾಯಿ ಮುಚ್ಚಸೇನಿ.

ಈಗ ನೀ ಎಲ್ಲಿ ಅದಿಯೋ. ನಾ ಹಾಕಿದ ಹಾರಾನ ನಿನ್ನ ಕೊಳ್ಳಿಗೆ ಉರಲ ಆತೋ ಏನೋ ಅಂತ ರಾತ್ರಿ ಎದ್ದ ಹೋಗಿ ಗ್ವಾಡಿ ಮುಂದ ನಿಂದರ್ತೇನಿ. ಅದನ್ನ ತಗದ ಒಗೀಬೇಕಂತ ಕೈ ಚಾಚತೇನಿ. ತಗದ್ರ ರಾಯಿ ಯಾಕ ಅಂತಾಳ. ಅವ್ವ ಜೀವಂತ ಅದಾಳ ಅಂತ ಇವತ್ತ ಹೇಳಿ, ನಾಳೆ ಇಲ್ಲಂತ ತಾರ ಬಂದ್ರ? ಒಬ್ಬ ಅವ್ವನ್ನ ಎರಡ ಸಲ ಹೆಂಗ ಸಾಯಿಸ್ಲಿ ಆ ಕೂಸಿನ ಮುಂದ?

ಬಾ ಪದ್ಮಾ. ಬಂದು ನನ್ನ ಕಪಾಳಕ್ಕ ಹೊಡಿ. ಜೀವಂತ ಬಾ.

ನಿನ್ನ ಪಾಪಿ ಅಕ್ಕ
ಸಾವಂತ್ರೆವ್ವ

ಮುಂಬೈ
೧೮ ಮಾರ್ಚ್ ೧೯೭೯

ಸಾವಂತ್ರೆವ್ವಾ,

ಅಕ್ಕಾ ಅಂತ ಬರಿಯಾಕ ಕೈ ಏಳವಲ್ದು. ಜೀವಂತ ಅದೇನಿ. ಟಪಾಲ ಮತ್ತ ಚಾಲೂ ಆದ ಕೂಡ್ಲೆ ನಿನ್ನ ಕಾಗದ ಮುಟ್ಟತು. ಗುಂಡಿನಾಗ ಬದುಕಿದೆ, ಅದನ್ನ ಓದಿ ಸತ್ತೆ. ಹೋದ ವಾರ ನಮ್ಮನ್ನ ವಿಮಾನ ಹತ್ತಿಸಿ ಕಳಿಸಿದ್ರು. ನಾಕ ದಿನಾ ಆತು ಇಲ್ಲಿ ಬಂದು, ಪುಣೆದ ಸಿಸ್ಟರ್ ಅಣ್ಣನ ಮನ್ಯಾಗ ಅದೇನಿ.

ಎರಡ ಸಲ ಬಸ್ ಸ್ಟ್ಯಾಂಡಿಗೆ ಹೋದೆ. ಎರಡ ಸಲ ಹೊಳ್ಳಿ ಬಂದೆ. ಹೆಂಗ ಬರ್ಲಿ? ನಾ ಬಾಗಲದಾಗ ನಿಂತ್ರ ನನ್ನ ಕೂಸು ದೆವ್ವ ಬಂತಂತ ಚೀರಿ ನಿನ್ನ ಸೆರಗಿನ್ಯಾಗ ಹೊಕ್ಕೋತೈತಿ. ಅದನ್ನ ನೋಡೂ ಶಕ್ತಿ ನನಗಿಲ್ಲ.

ನಿನ್ನ ಮ್ಯಾಲ ಬೆಂಕಿಯಂಥಾ ಸಿಟ್ಟೈತಿ. ಆದ್ರ ಒಂದ ಮಾತ ಒಪ್ಪತೇನಿ. ಹೇಳದ ಹೋದಾಕಿ ನಾನು. ಎಬ್ಬಿಸಿ, ಅಳಿಸಿ, ‘ಹೋಗಿ ಬರ್ತೇನಿ’ ಅಂದಿದ್ರ ಅಕಿ ದಾರಿ ನೋಡಕೋಂತ ಇರ್ತಿದ್ಲು. ನಾ ಮಾಯ ಆದೆ, ನೀ ಹಾರ ಹಾಕಿದಿ.

ಈಗ ನೀನ ಹೇಳು ಅಕಿಗೆ. ಮಾವಾರ ಕೈಲೆ ಬ್ಯಾಡ, ಕೃಷ್ಣವ್ವನ ಕೈಲೆ ಬ್ಯಾಡ, ನಿನ್ನ ಬಾಯಿಲೆ ಹೇಳು. ಅಕಿ ತನ್ನ ಕೈಲೆ ‘ಬಾ’ ಅಂತ ಬರದ್ರ ಬರ್ತೇನಿ. ಇಲ್ಲಾಂದ್ರ ಮತ್ತೊಂದ ದೇಶಕ್ಕ ಏಜೆಂಟ ಕರಿಯಾಕ ಹತ್ಯಾನ. ಅಕಿಗೆ ಫೋಟೋದಾಗ ಇದ್ದಾಕಿನ ಸಾಕು ಅಂತಿದ್ರ, ಫೋಟೋದಾಗನ ಇರ್ತೇನಿ.

ಪದ್ಮಾ

ಬೈಲಹೊಂಗಲ
೧ ಏಪ್ರಿಲ್ ೧೯೭೯

ಫೋಟೋದ ಅವ್ವಗ ರಾಯಿ ಮಾಡೂ ನಮಸ್ಕಾರ.

ನಾ ಸಾಲ್ಯಾಗ ಒಂದನೇತ್ತಾ. ನನಗ ಬರಿಯಾಕ ಬರತೈತಿ. ಒತ್ತಕ್ಷರ ಕೃಷ್ಣವ್ವ ಬಾಯಿ ಹೇಳಿಕೊಟ್ಟಾರ.

ಮನಿ ಅವ್ವ ನನ್ನ ಮಶೀನ ಮ್ಯಾಲ ಕುಂದರಿಸಿ ನೀ ಸತ್ತಿಲ್ಲ ಅಂದ್ಲು. ನಾ ಸುಳ್ಳ ಅಂದೆ. ಅಕಿ ಖಾನ್ಯಾಗಿನ ಕಾಗದ ಎಲ್ಲಾ ತಗದು ಓದಿದ್ಲು. ಸತ್ತವರು ಕಾಗದ ಬರಿಯೂದಿಲ್ಲ ಅಂದ್ಲು. ಅಕಿ ಭಾಳ ಅತ್ಲು. ನಾ ಚಿಂದಿಲೆ ಕಣ್ಣ ಒರಸಿದೆ. ಅಕಿಗೆ ಹೊಡೀಬ್ಯಾಡ.

ನೂಲ ಇಟ್ಟೇನಿ. ಈಗ ಇಷ್ಟ ಎತ್ತರ ಅದೇನಿ. ನಿನ್ನ ಮಾರಿ ನನಗ ಗೊತ್ತೈತಿ, ಬಸ್ ಸ್ಟ್ಯಾಂಡಿಗೆ ಬಂದು ಗುರ್ತ ಹಿಡೀತೇನಿ. ಟೊಪ್ಪಿಗಿ ಹಾಕೊಂಡ ಬಾ.

ನಿನ್ನ ಹಾರ ನಾನ ತಗದೆ, ಸ್ಟೂಲ ಮ್ಯಾಲ ಹತ್ತಿ. ಆಮ್ಯಾಲ ಬಾಜೂಕ ಅಪ್ಪಂದೂ ತಗದೆ. ಮನಿ ಅವ್ವಗ ಇನ್ನೂ ಹೇಳಿಲ್ಲ. ಬರೂ ಮುಂದ ಅಪ್ಪನ್ನೂ ಕರಕೊಂಡ ಬಾ.

ರಾಯವ್ವ